ಕಿವಿ ಡಾಕ್ಟರರ ಕೆಂಪು ಗಾಡಿ

ಎಲ್ಲಕ್ಕೂ ಮೂಲ ಒಬ್ಬ ಮುದುಕರ ನಿದ್ದೆ.

ಕಿವಿಯ ಯಂತ್ರ ಮಾರುವ ಅಂಗಡಿಯ ಹಿಂಭಾಗದಲ್ಲಿ ಒಂದು ಗಾಜಿನ ಗೂಡಿತ್ತು. ಅದರೊಳಗೆ ಗಿರಾಕಿಗಳನ್ನು ಕೂರಿಸಿ, ತಲೆಗೆ ಹೆಡ್‌ಫೋನ್ ಸಿಕ್ಕಿಸಿ, ಹೊರಗಿನಿಂದ ಸಣ್ಣಸಣ್ಣ ಸದ್ದು ಹೊರಡಿಸಿ, ಕೇಳಿಸಿದರೆ ಗುಂಡಿ ಒತ್ತಿ ಎನ್ನುವುದು ಅವನ ಕೆಲಸ. ಬೀದಿಯವರು ಅವನನ್ನು ಕಿವಿ ಡಾಕ್ಟರು ಎನ್ನುತ್ತಿದ್ದರು. ಅವನು ಡಾಕ್ಟರನಲ್ಲ ಎಂಬುದು ಅವರಿಗೂ ಗೊತ್ತಿತ್ತು. ಆವತ್ತು ಬಂದ ಮುದುಕರು ಗುಂಡಿ ಹಿಡಿದುಕೊಂಡೇ ಗೊರಕೆ ಹೊಡೆದರು. ಎಬ್ಬಿಸಲು ಮನಸ್ಸಾಗದೆ ಅವನು ಫೋನು ತೆಗೆದ. ಹಳೆಯ ಕಾರುಗಳ ಜಾಹೀರಾತು ನೋಡುತ್ತ ಹೋದ. ಅವುಗಳ ನಡುವೆ ಅದಿತ್ತು.

ಕೆಂಪು. ಎರಡೇ ಬಾಗಿಲು, ಎರಡೇ ಸೀಟು. ನೆಲಕ್ಕೆ ಎದೆಯಾನಿಸಿ ಇಲಿಗೆ ಹೊಂಚು ಹಾಕಿದ ಬೆಕ್ಕಿನ ಹಾಗೆ ಕೂತಿತ್ತು. ಬೆನ್ನ ಮೇಲೊಂದು ರೆಕ್ಕೆ, ಹಿಂದುಗಡೆ ಚೊಂಬಿನ ಬಾಯಿಯಷ್ಟು ದೊಡ್ಡ ಎರಡು ಸೈಲೆನ್ಸರ್. ‘ಪೂರ್ತಿ ಮಾಡಿಫೈ ಆಗಿದೆ. ಮೊದಲು ಸದ್ದು ಕೇಳಿ, ಆಮೇಲೆ ಮಾತಾಡಿ’ ಎಂದು ಮಾರುವವನು ಬರೆದು, ಕೆಳಗೆ ಸದ್ದನ್ನೂ ಹಾಕಿದ್ದ. ಅವನು ಕೇಳಿದ. ಮದುವೆಗೂ ಮುಂಚಿನಿಂದ ಆ ಗೂಡಿನ ಪಕ್ಕ ಪಿಸುಮಾತಿನಲ್ಲೇ ಬದುಕಿಕೊಂಡು ಬಂದ ಮನುಷ್ಯನ ಹೊಟ್ಟೆಯೊಳಗೆ ಕುದುರೆಯೊಂದು ಕೆನೆಯಿತು.

ಮನೆಗೆ ಗಾಡಿ ಬೇಕಾಗಿದ್ದದ್ದು ನಿಜ. ಆದರೆ ಅದು ಬೇರೆ ಥರದ್ದು. ಅತ್ತೆ ಮಂಡಿನೋವು ಹೊತ್ತುಕೊಂಡು ಮಗಳ ಮನೆಗೆ ಬಂದಿದ್ದರು. ಆಸ್ಪತ್ರೆಗೆ ಆಟೋದಲ್ಲಿ ಕುಲುಕಿಸಿಕೊಂಡು ಹೋಗಿ ಬರುವಷ್ಟರಲ್ಲಿ ನೋವು ಎರಡರಷ್ಟಾಗುತ್ತಿತ್ತು. “ಅಮ್ಮ ಕೂರೋ ಹಾಗಿರೋದು ತನ್ನಿ. ಬೇರೆ ಏನೂ ಕೇಳಲ್ಲ,” ಎಂದಿದ್ದಳು ಹೆಂಡತಿ. ಅವನು ಹೂಂ ಎಂದಿದ್ದ. ಹೂಂ ಎಂದು, ಯಾರಿಗೂ ಹೇಳದೆ, ಇಡೀ ದಿನದ ದಾರಿಯ ದೂರದಲ್ಲಿದ್ದ ಕೆಂಪು ಗಾಡಿಗೆ ಮಾತು ಮುಗಿಸಿದ. ಅವನ ಲೆಕ್ಕಾಚಾರ ಸರಳವಾಗಿತ್ತು: ಒಂದು ಸಲ ಗಾಡಿ ಮನೆ ಮುಂದೆ ನಿಂತುಬಿಡಬೇಕು. ನಿಂತಮೇಲೆ ಬೈಗುಳ ತಿಂದುಕೊಂಡಾದರೂ ಉಳಿಸಿಕೊಳ್ಳಬಹುದು. ದಾರಿಯಲ್ಲೇ ಗುಟ್ಟು ರಟ್ಟಾದರೆ ಮಾತ್ರ ಗಾಡಿ ಕೈಬಿಟ್ಟ ಹಾಗೆ. ಹುಟ್ಟಿದಾಗಿನಿಂದ ಅವನು ತನಗೋಸ್ಕರ ಅಂತ ಆಸೆಪಟ್ಟಿದ್ದು ಇದೊಂದನ್ನೇ.

ಆದರೆ ಗುಟ್ಟಿಗೆ ಕುತ್ತು ಹೊರಡುವ ಮುಂಚೆಯೇ ಮಹಡಿಯಿಂದ ಇಳಿದು ಬಂತು. ಮಹಡಿ ಮನೆಯಲ್ಲಿ ಒಬ್ಬ ನಿವೃತ್ತ ವಿಮಾ ಏಜೆಂಟರಿದ್ದರು. ಬೀದಿಗೆಲ್ಲ ಅವರು ಪಾಲಿಸಿ ಅಂಕಲ್. “ಗಾಡಿ ತರೋಕೆ ಒಬ್ಬನೇ ಹೋಗ್ತಾರೇನಪ್ಪಾ? ನಾನಿಲ್ವಾ?” ಎಂದು ಚೀಲ ಹಿಡಿದು ಬಾಗಿಲಲ್ಲಿ ನಿಂತುಬಿಟ್ಟರು. ಇಬ್ಬರೂ ರಾತ್ರಿ ರೈಲು ಹತ್ತಿದರು.

ಬೆಳಗ್ಗೆ ಗಾಡಿ ನೋಡಿದ್ದೇ ಪಾಲಿಸಿ ಅಂಕಲ್‌ ಕೈ ಎದೆಗೆ ಹೋಯಿತು.

“ಏನಪ್ಪಾ ಇದು? ಇಂಥಾ ಗಾಡಿ ತಗೊಂಡೋರು ಒಬ್ರೂ ನನ್ನ ಹತ್ರ ಕ್ಲೇಮ್ ತಗೊಳ್ಳೋಕೆ ಬರ್ಲಿಲ್ಲ. ಅವರ ಹೆಂಡ್ತೀರೇ ಬಂದ್ರು.”

“ಮೆಲ್ಲಗೆ ಬಿಡ್ತೀನಿ ಅಂಕಲ್.”

“ಮೆಲ್ಲಗೆ ಹೋಗೋಕೆ ಇದಕ್ಕೆ ಬರತ್ತಾ ಅಂತ ಕೇಳಿದ್ಯಾ?”

ಮಾರಿದವನು ಗರಡಿ ಮೈಯ ಆಸಾಮಿ. ಕೀಲಿ ಕೊಡುವಾಗ ಮಗಳನ್ನು ಕಳಿಸಿಕೊಡುವವನ ಹಾಗೆ ಮೂಗು ಒರೆಸಿಕೊಂಡ. “ಚೆನ್ನಾಗಿ ನೋಡ್ಕೊಳ್ಳಿ ಸಾರ್. ಬಿಸಿಯಾಗಿರೋವಾಗ ಮಾತ್ರ ಇಂಜಿನ್ ಆಫ್ ಮಾಡ್ಬೇಡಿ. ಮುನಿಸ್ಕೊಂಡ್ಳು ಅಂದ್ರೆ ಸ್ಟಾರ್ಟ್ ಆಗಲ್ಲ.”

“ಮನೇಲೂ ಅದೇ, ಇಲ್ಲೂ ಅದೇ,” ಎಂದು ಪಾಲಿಸಿ ಅಂಕಲ್ ಬಾಗಿ, ಮೊದಲು ತಲೆ, ಆಮೇಲೆ ಸೊಂಟ, ಕೊನೆಗೆ ಒಂದೊಂದೇ ಕಾಲನ್ನು ಒಳಗೆ ಸೇರಿಸಿದರು. ಸೀಟು ಎಷ್ಟು ಕೆಳಗಿತ್ತೆಂದರೆ ಕೂರುವುದೆಂದರೆ ಬೀಳುವುದೇ. ಅವನು ಪಕ್ಕದಲ್ಲಿ ಕೂತು ಕೀಲಿ ತಿರುಗಿಸಿದ. ಎದುರುಮನೆಯ ಕಿಟಕಿಗಳೆಲ್ಲ ಒಟ್ಟಿಗೆ ತೆರೆದುಕೊಂಡವು. ಅವನಿಗೆ ಅಳು ಬರುವಷ್ಟು ಖುಷಿಯಾಯಿತು. ಪಾಲಿಸಿ ಅಂಕಲ್ ಕಣ್ಣು ಮುಚ್ಚಿಕೊಂಡಿದ್ದರು. ಪ್ರಾರ್ಥನೆ ಮಾಡುತ್ತಿದ್ದಾರೆ ಎಂದುಕೊಂಡ.

ಹೆದ್ದಾರಿಯವರೆಗೆ ಎಲ್ಲ ಚೆನ್ನಾಗಿತ್ತು. ಹೆದ್ದಾರಿ ಊರುಗಳನ್ನು ಹಾಯತೊಡಗಿದಾಗ ರಸ್ತೆಯುಬ್ಬುಗಳು ಶುರುವಾದವು. ಮೊದಲನೆಯ ಉಬ್ಬಿಗೇ ಗಾಡಿಯ ಹೊಟ್ಟೆ ಕರ್ರೆಂದು ಕೆರೆಯಿತು. ಆಮೇಲೆ ಪ್ರತಿ ಉಬ್ಬಿಗೂ ಪಾಲಿಸಿ ಅಂಕಲ್ ತೆವಳಿಕೊಂಡು ಹೊರಬಂದು, ರಸ್ತೆಯ ಮೇಲೆ ಕೆನ್ನೆಯಿಟ್ಟು, “ಎಡಕ್ಕೆ... ಇನ್ನೂ ಎಡಕ್ಕೆ... ಅಯ್ಯೋ, ನನ್ನ ಎಡ ಅಲ್ಲ, ನಿನ್ನ ಎಡ!” ಎಂದು ಕೂಗುತ್ತಿದ್ದರು. ಗಾಡಿ ಏಡಿಯಂತೆ ಓರೆಯಾಗಿ ಹತ್ತಿ ಇಳಿಯುತ್ತಿತ್ತು. ಹಿಂದೆ ಲಾರಿಗಳ ಸಾಲು. ಒಬ್ಬ ಲಾರಿ ಡ್ರೈವರ್ ಕೆಳಗಿಳಿದು ಬಂದು, “ಯಾಕ್ ಸಾರ್, ಎತ್ಕೊಂಡ್ ದಾಟಿಸ್ಲಾ?” ಎಂದು ವಿಚಾರಿಸಿದ. ವ್ಯಂಗ್ಯವೇನಿರಲಿಲ್ಲ, ನಿಜವಾಗಿಯೂ ತೋಳು ಮಡಿಚುತ್ತಿದ್ದ.

ಹೊತ್ತೇರಿದಂತೆ ಅವನಿಗೆ ಚಡಪಡಿಕೆ ಹತ್ತಿತು. ಕತ್ತಲಾಗುವ ಮುಂಚೆ ಮನೆ ಸೇರಬೇಕು. ಫೋನು ಸುಮ್ಮನಿದ್ದರೆ ಯಾಕೆ ಸುಮ್ಮನಿದೆ ಎಂದು ಭಯ. ಅಲುಗಿದರೆ ಯಾಕೆ ಅಲುಗಿತು ಎಂದು ಭಯ. ಆ ಅವಸರದಲ್ಲಿ ಒಂದು ಶಾಲೆಯ ಮೈದಾನದ ಪಕ್ಕ ಆಕ್ಸಿಲರೇಟರ್ ಮೇಲಿನ ಕಾಲನ್ನು ಫಕ್ಕನೆ ಎತ್ತಿದ. ಸೈಲೆನ್ಸರ್ ಢಮ್ ಎಂದಿತು.

ಮೈದಾನದಲ್ಲಿ ಓಟದ ಪಂದ್ಯ. ಮಕ್ಕಳು ಗೆರೆಯ ಮೇಲೆ ಬಗ್ಗಿ ನಿಂತಿದ್ದರು. ಡ್ರಿಲ್ ಮೇಷ್ಟ್ರು ಓಟ ಶುರುಮಾಡುವ ಬಂದೂಕಿಗೆ ಇನ್ನೂ ಮದ್ದು ತುಂಬುತ್ತಿದ್ದರು. ಢಮ್ ಎಂದದ್ದೇ ಮಕ್ಕಳು ಕಿತ್ತುಕೊಂಡು ಓಡಿದರು. ಬಹುಮಾನ ಕೊಡಬೇಕಾದ ಅತಿಥಿಗಳು ಓಟದ ದಾರಿಗೆ ಅಡ್ಡಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಮಕ್ಕಳು ಅವರನ್ನು ಸುತ್ತುಹಾಕುವ ಗೋಜಿಗೆ ಹೋಗಲಿಲ್ಲ. ಮೇಷ್ಟ್ರು ಬಂದೂಕು ಎತ್ತಿಕೊಂಡೇ ಗಾಡಿಯ ಹಿಂದೆ ಓಡಿಬಂದರು.

“ನಿಲ್ಸೋ! ಯಾವನೋ ನೀನು?”

“ಅದು ಖಾಲಿ ಬಂದೂಕು ಅಂಕಲ್, ಅಲ್ವಾ?”

“ಖಾಲಿನೋ ಭರ್ತಿನೋ, ವಿಚಾರಿಸೋಕೆ ನಿಲ್ಬೇಡ. ಬಿಡು!” ಎಂದರು ಪಾಲಿಸಿ ಅಂಕಲ್. ಬೆಳಗಿನಿಂದ ಮೊದಲ ಸಲ ಅವರು ವೇಗಕ್ಕೆ ಒಪ್ಪಿಗೆ ಕೊಟ್ಟಿದ್ದರು. ಗಾಡಿ ಘರ್ಜಿಸಿತು. ಅವರು ಮತ್ತೆ ಕಣ್ಣು ಮುಚ್ಚಿಕೊಂಡರು.

ಹಾಗೆ ಓಡಿಸಿದ್ದಕ್ಕೆ ಪೆಟ್ರೋಲು ನೀರಿನಂತೆ ಇಳಿಯಿತು. ಬಂಕಿನವನು ಇಂಜಿನ್ ಆಫ್ ಮಾಡದೆ ಪೈಪು ಮುಟ್ಟುವುದಿಲ್ಲವೆಂದ. ಆಫ್ ಮಾಡಿದ. ಗಾಡಿ ಮುನಿಸಿಕೊಂಡಿತು. ಟ್ಯಾಂಕ್ ತುಂಬಿಸಿ ಎಷ್ಟು ಸಲ ಕೀಲಿ ತಿರುಗಿಸಿದರೂ ಹಲ್ಲಿ ಲೊಚಗುಟ್ಟಿದ ಹಾಗೆ ಲೊಚಲೊಚ ಅಂತಷ್ಟೇ ಅಂದಿತು. ತಳ್ಳಲು ಬೇಕಾದಷ್ಟು ಜನ ಬಂದರು; ಅದಕ್ಕಿಂತ ಹೆಚ್ಚು ಜನ ಹೇಗೆ ತಳ್ಳಬೇಕೆಂದು ಹೇಳಲು ಬಂದರು. ಹಿಂದೆ ಹಿಡಿಯಲು ಸಿಕ್ಕಿದ್ದು ರೆಕ್ಕೆಯೊಂದೇ. ನಾಲ್ವರು ಅದಕ್ಕೆ ಕೈ ಹಾಕಿ ‘ಹೂಂ’ ಎಂದು ತಳ್ಳಿದರು. ಗಾಡಿ ಸ್ಟಾರ್ಟ್ ಆಗಿ ಮುಂದೆ ಹೋಯಿತು. ರೆಕ್ಕೆ ನಾಲ್ವರ ಕೈಯಲ್ಲೇ ಉಳಿಯಿತು.

ಪಾಲಿಸಿ ಅಂಕಲ್ ಅದನ್ನು ಇಸಿದುಕೊಂಡು ತೊಡೆಯ ಮೇಲೆ ಇಟ್ಟುಕೊಂಡರು. ಇನ್ನು ಇಂಜಿನ್ ಆಫ್ ಮಾಡುವ ಮಾತೇ ಇರಲಿಲ್ಲ. ಆಗ ಫೋನು ಬಂತು. ಹೆಂಡತಿ.

ಗಾಡಿಯನ್ನು ಬದಿಗೆ ನಿಲ್ಲಿಸಿದ. ನಿಂತರೂ ಇಂಜಿನ್ನು ಗುಡುಗುತ್ತಿತ್ತು. ಫೋನನ್ನು ಕಿವಿಗೆ ಅದುಮಿ, ಇನ್ನೊಂದು ಕಿವಿಗೆ ಬೆರಳು ತುರುಕಿದ.

“ರೀ! ಫೋಟೋ ನೋಡಿದ್ವಿ!”

“ಯಾವ ಫೋಟೋ?”

“ಬೆಳಗ್ಗೆ ನಾನೇ ಮಹಡೀಲಿರೋ ನಮ್ಮನೆಯವಳಿಗೆ ಕಳಿಸಿದ್ದೆ,” ಎಂದರು ಪಾಲಿಸಿ ಅಂಕಲ್. “ಕ್ಷೇಮ ಸಮಾಚಾರ ತಿಳಿಸ್ಬೇಕಲ್ಲ.”

“ಅಮ್ಮನೂ ನೋಡಿದ್ರು!” ಹೆಂಡತಿ ಕಿರುಚುತ್ತಿದ್ದಳು. ಮುಂದಿನದನ್ನು ಇಂಜಿನ್ನು ನುಂಗಿತು. ಆಮೇಲೆ, “...ಬೀದಿಗೆಲ್ಲ ಗೊತ್ತಾಗಿದೆ!”

“ತಪ್ಪಾಯ್ತು ಕಣೇ! ಈಗ ಏನ್ ಮಾಡ್ಲಿ ಹೇಳು!”

“ಏನು? ಕೇಳಿಸ್ತಿಲ್ಲ! ಬೇಗ ಬಿಟ್... ಬನ್ನಿ!”

“ಬಿಟ್ಟು ಬರ್ಲಾ?”

“ಹೂಂ ರೀ! ಬಿಟ್... ಬನ್ನಿ! ಅಮ್ಮ ಕಾಯ್ತಾ ಕೂತಿದ್ದಾರೆ!”

ಫೋನು ಸತ್ತಿತು. ಅವನು ಸ್ಟಿಯರಿಂಗ್ ಮೇಲೆ ಹಣೆಯಿಟ್ಟ. “ಏನಂದ್ಲು ಅಂಕಲ್? ಬಿಟ್ಟು ಬನ್ನಿ ಅಂದ್ಲಾ?”

ಪಾಲಿಸಿ ಅಂಕಲ್ ತೊಡೆಯ ಮೇಲಿನ ರೆಕ್ಕೆಯನ್ನು ಸವರಿದರು.

“ಹಾಗೇ ಕೇಳಿಸ್ತಪ್ಪ. ಮನೆ ನೆಮ್ಮದಿಗಿಂತ ಗಾಡಿ ದೊಡ್ಡದಾ? ಮುಂದಿನ ಊರಲ್ಲಿ ಹಳೇ ಗಾಡಿ ವ್ಯಾಪಾರಿ ಒಬ್ಬ ಇದ್ದಾನೆ, ನನ್ನ ಪಾಲಿಸಿದಾರ. ಇದನ್ನ ಅಲ್ಲಿ ಬಿಟ್ಟು, ಅತ್ತೆ ಕೂರೋಂಥದ್ದು ತಗೊಂಡು ಹೋಗು. ಸೊಸೈಟಿಲಿ ಮರ್ಯಾದೆಯಾಗಿ ಬದುಕ್ಬೇಕಲ್ಲ.”

ವ್ಯಾಪಾರಿಯ ಅಂಗಳದಲ್ಲಿ ಒಂದು ಬೂದುಬಣ್ಣದ ವ್ಯಾನ್ ಇತ್ತು. ಏಳು ಸೀಟು. ಬೀರುವಿಗೆ ಚಕ್ರ ಹಾಕಿದ ಹಾಗಿತ್ತು. ಹತ್ತುವವರು ಜೋತುಬೀಳಲೆಂದು ಬಾಗಿಲ ಪಕ್ಕ ಒಂದು ಹಿಡಿ. “ಪಕ್ಕಾ ಸಂಸಾರಸ್ಥರ ಗಾಡಿ ಸಾರ್,” ಎಂದ ವ್ಯಾಪಾರಿ. “ಎತ್ತರದಲ್ಲಿ ಕೂತ್ಕೊಂಡು ಊರೆಲ್ಲ ನೋಡ್ಕೊಂಡು ಹೋಗ್ಬಹುದು.” ಅವನಿಗೆ ಊರು ನೋಡುವ ಆಸೆ ಇರಲಿಲ್ಲ. ಗಾಡಿಗೆ ಗಾಡಿ ಎಂದು ಕೈ ಕುಲುಕಿದರು. ಕೆಂಪು ಗಾಡಿಯ ಬಾನೆಟ್ಟು ಇನ್ನೂ ಬೆಚ್ಚಗಿತ್ತು. ಅದರ ಮೇಲೆ ಒಂದು ಸಲ ಅಂಗೈ ಇಟ್ಟು ತೆಗೆದ.

“ಬನ್ನಿ ಅಂಕಲ್, ಹೋಗೋಣ.”

“ನೀನು ನಡಿಯಪ್ಪ. ಇವನ ಹತ್ರ ಹಳೇ ಪಾಲಿಸಿದು ಸ್ವಲ್ಪ ಮಾತಿದೆ. ನಾನು ಹಿಂದೆ ಬರ್ತೀನಿ.”

ವ್ಯಾನಿನ ಇಂಜಿನ್ನು ಸದ್ದೇ ಮಾಡಲಿಲ್ಲ. ದಾರಿಯುದ್ದಕ್ಕೂ ಅವನು ಗಾಜಿನ ಗೂಡಿನೊಳಗೆ ಕೂತ ಹಾಗಿತ್ತು. ರಸ್ತೆಯುಬ್ಬುಗಳು ಬಂದವು, ಹೋದವು, ಒಂದೂ ತಿಳಿಯಲಿಲ್ಲ. ಅದಕ್ಕೂ ಸಿಟ್ಟು ಬಂತು. ಮನೆಯಲ್ಲಿ ಜಗಳವಂತೂ ಆಗುವುದಿಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡಷ್ಟೂ ಕೈ ಸುಮ್ಮನಿರದೆ ಹಾರನ್ನು ಒತ್ತುತ್ತಿತ್ತು. ಹಾರನ್ನು ಪೀಂ ಎನ್ನುತ್ತಿತ್ತು.

ಸಂಜೆ ಬೀದಿ ತಿರುಗಿದಾಗ ಮನೆ ಮುಂದೆ ಜನ ಸೇರಿತ್ತು. ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಅತ್ತೆ ಕೂತಿದ್ದರು. ತಲೆಗೆ ಸ್ಕಾರ್ಫು. ಕಣ್ಣಿಗೆ ಮಗಳ ಕಪ್ಪು ಕನ್ನಡಕ. ಅವನು ವ್ಯಾನಿನಿಂದ ಧುಮುಕಿ ಇಳಿದ.

“ಇದ್ಯಾವುದ್ರೀ ಆಂಬುಲೆನ್ಸು?” ಎಂದಳು ಹೆಂಡತಿ. “ಕೆಂಪಂದು ಎಲ್ಲಿ?”

“ನೀನೇ ಅಂದ್ಯಲ್ಲ, ಬಿಟ್ಟು ಬನ್ನಿ ಅಂತ.”

“ಬಿಟ್‌ಕೊಂಡು ಬನ್ನಿ ಅಂದೆ ರೀ! ಬಿಟ್‌ಕೊಂಡು!”

ಊರಿಗೆಲ್ಲ ಕಿವಿ ಕೊಡಿಸುವವನ ಕಿವಿಗೆ ಒಂದು ‘ಕೊಂಡು’ ಬಿದ್ದಿರಲಿಲ್ಲ. ಅವನು ವ್ಯಾನಿಗೆ ಒರಗಿದ.

“ಅಮ್ಮನಿಗೆ ಮಂಡಿ ಎತ್ತೋಕಾಗಲ್ಲ ಅಂತ ಗೊತ್ತಿದ್ದೇ ನೆಲಕ್ಕಂಟಿಕೊಂಡಿರೋ ಗಾಡಿ ಹುಡುಕಿದ್ದಾರೆ, ಹತ್ತೋದೇ ಬೇಡ, ಸುಮ್ನೆ ಬಿದ್ರೆ ಸಾಕು ಅಂತ ಅಮ್ಮನೇ ಅಂದ್ರು. ನನ್ನ ಗಂಡ ಎಷ್ಟು ಬುದ್ಧಿವಂತರು ಅಂತ ಬೆಳಗಿಂದ ಬೀದಿಗೆಲ್ಲ ಹೇಳ್ಕೊಂಡು ಬಂದೆ. ಮದುವೆಯಾದಮೇಲೆ ಮೊದಲ್ನೇ ಸಲ!”

ಅತ್ತೆ ಎದ್ದು ವ್ಯಾನಿನ ಬಾಗಿಲಿಗೆ ಬಂದರು. ಹಿಡಿಗೆ ಕೈ ಚಾಚಿದರು, ಸಿಗಲಿಲ್ಲ. ಕಾಲೆತ್ತಲು ನೋಡಿದರು, ಏಳಲಿಲ್ಲ. ಕಪ್ಪು ಕನ್ನಡಕ ಮೂಗಿನ ತುದಿಗೆ ಇಳಿಸಿ, “ಅಳಿಯಂದಿರೇ, ಇದಕ್ಕೆ ಏಣಿ ಬೇರೆ ಕೊಡ್ತಾರಾ?” ಎಂದು ಕೇಳಿದರು.

“ಈಗಲೇ ವಾಪಸ್ ತರ್ತೀನಿ ಅತ್ತೆ. ಫೋನ್ ಮಾಡ್ತೀನಿ,” ಎಂದು ಅವನು ವ್ಯಾಪಾರಿಗೆ ಫೋನು ಹಚ್ಚಿದ.

“ಆ ಕೆಂಪಂದಾ ಸಾರ್? ಆಗಲೇ ಹೋಯ್ತಲ್ಲ. ನಿಮ್ಮ ಜೊತೆ ಬಂದಿದ್ರಲ್ಲ, ಅವರೇ ತಗೊಂಡ್ರು. ಬೆಳಗಿಂದ ಕಣ್ಣು ಮುಚ್ಕೊಂಡು ಆ ಸದ್ದೇ ಕೇಳ್ತಿದ್ರಂತೆ.”

ಬೀದಿಯ ತುದಿಯಲ್ಲಿ ಗುಡುಗು ಕೇಳಿಸಿತು. ಕಿಟಕಿಗಳೆಲ್ಲ ತೆರೆದುಕೊಂಡವು. ಕೆಂಪು ಗಾಡಿ ಬಂದು ಜನರ ನಡುವೆ ನಿಂತಿತು. ಪಾಲಿಸಿ ಅಂಕಲ್ ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಎದೆಯ ಮೇಲೆ ಕೈ ಇರಲಿಲ್ಲ. ಒಂದು ಕೈ ಸ್ಟಿಯರಿಂಗ್ ಮೇಲೆ, ಇನ್ನೊಂದು ಹೊರಗೆ ಜೋತಾಡುತ್ತಿತ್ತು.

“ಏನಪ್ಪಾ, ಗಾಡಿ ಬೇರೆ ಯಾರ ಪಾಲಾದ್ರೂ ಆಗೋ ಬದಲು ಮನೆ ಹತ್ರಾನೇ ಇರ್ಲಿ ಅಂತ ತಗೊಂಡೆ. ಅಮ್ಮಾವ್ರೇ, ಒಂದು ರೌಂಡ್ ಬರ್ತೀರಾ?”

ಅತ್ತೆ ಕನ್ನಡಕ ಸರಿಮಾಡಿಕೊಂಡು, ಬಾಗಿಲು ತೆಗೆದು, ಹಿಂದುಮುಂದು ನೋಡದೆ ಸೀಟಿಗೆ ಬಿದ್ದರು. ಮಂಡಿ ಒಂದಿಷ್ಟೂ ಎತ್ತಬೇಕಾಗಲಿಲ್ಲ. “ಬಿಡಿ, ಬಿಡಿ,” ಎಂದರು. ಗಾಡಿ ಢಮ್ ಎಂದು ಹಾರಿತು. ಬೀದಿಯವರು ಚಪ್ಪಾಳೆ ಹೊಡೆದರು.

ಹೊಗೆ ಕರಗುವ ತನಕ ಅವನು ಅಲ್ಲೇ ನಿಂತಿದ್ದ. ಹೆಂಡತಿ ಬಂದು ಭುಜ ತಟ್ಟಿದಳು. ಸಮಾಧಾನ ಹೇಳುತ್ತಾಳೇನೋ ಎಂದು ತಿರುಗಿದ.

“ನಿಂತ್ಕೊಂಡು ಏನ್ ನೋಡ್ತೀರಾ? ನಿಮ್ಮ ಬಸ್ಸು ತಗೊಂಡು ಅವರ ಹಿಂದೇನೇ ಹೋಗಿ. ಅಮ್ಮ ಬಿದ್ದಿದ್ದೇನೋ ಬಿದ್ರು, ಅದರೊಳಗಿಂದ ಎತ್ತೋಕೆ ಯಾರಾದ್ರೂ ಬೇಕಲ್ಲ.”