ಅಳವಡಿಸಲ್ಪಟ್ಟ ಚಿಲಕ

ಮ್ಯಾನೇಜರು: ತೆಗೀತೀಯೋ ಇಲ್ವೋ?

ಹೆಂಡತಿ: ತೆಗೆಯಲ್ಲ.

ಮ್ಯಾನೇಜರು: ನಾನು ಒಳಗಿದ್ದೀನಿ ಕಣೇ!

ಹೆಂಡತಿ: ಗೊತ್ತು. ಅದಕ್ಕೇ ತೆಗೆಯಲ್ಲ ಅಂದೆ.

ಹೊಸ ಬಚ್ಚಲುಮನೆ, ಹೊಸ ಬಾಗಿಲು. ಬಾಗಿಲ ಒಳಗೆ ಮ್ಯಾನೇಜರು. ಸೊಂಟದಿಂದ ಮೇಲೆ ಇಸ್ತ್ರಿ ಮಾಡಿದ ಅಂಗಿ, ಕೆಳಗೆ ಟವಲು, ಕೈಯಲ್ಲಿ ಫೋನು. ಕಟ್ಟಡ ಕಟ್ಟಿಸುವ ಕಂಪನಿಯೊಂದರಲ್ಲಿ ಅವರದೊಂದು ವಿಚಿತ್ರ ಹುದ್ದೆ. ಪ್ರತಿಯೊಂದು ಕೆಲಸ ಮುಗಿದ ಮೇಲೂ ಎಲ್ಲಿ ಎಡವಿದೆವು, ಏನು ಕಲಿತೆವು ಎಂದು ಕೆದಕಿ ತೆಗೆದು, ಆ 'ಕಲಿತ ಪಾಠ'ಗಳನ್ನು ಕಂಪನಿಗೆಲ್ಲ ಹಂಚುವುದು. ಇಂಥವರ ಮನೆಯ ಬಚ್ಚಲಿಗೇ ಚಿಲಕ ಒಳಗಿರಲಿಲ್ಲ, ಹೊರಗಿತ್ತು! ಬಾಗಿಲಿಗೆ ತಾನಾಗಿ ತೆರೆದುಕೊಳ್ಳುವ ಚಾಳಿ ಬೇರೆ ಇದ್ದುದರಿಂದ, ಆ ಕಡೆ ಹಾದುಹೋದವರೆಲ್ಲ ಚಿಲಕ ಎಳೆದೇ ಮುಂದೆ ಹೋಗುತ್ತಿದ್ದರು. ಇವತ್ತು ಎಳೆದವಳು ಹೆಂಡತಿ. ಒಳಗಿನಿಂದ ಗಂಡನ ಕೂಗು ಕೇಳಿದ ಮೇಲೆ, ತಾನಾಗಿ ಕೈಗೆ ಬಂದ ಅವಕಾಶವನ್ನು ಬಿಡುವುದೇಕೆಂದು ಸ್ಟೂಲು ತಂದು ಬಾಗಿಲೆದುರು ಹಾಕಿಕೊಂಡು ಕೂತುಬಿಟ್ಟಿದ್ದಳು.

ಮ್ಯಾನೇಜರು: ಇನ್ನೇನು ಮೀಟಿಂಗ್ ಶುರುವಾಗತ್ತೆ. ದೊಡ್ಡ ಸಾಹೇಬ್ರು ಇರ್ತಾರೆ. ನನ್ನ ಬಡ್ತಿ ಇವತ್ತು ತೀರ್ಮಾನ ಆಗತ್ತೆ ಕಣೇ!

ಹೆಂಡತಿ: ಮೀಟಿಂಗಲ್ಲಿ ಏನು ಮಾತಾಡ್ತೀರಾ?

ಮ್ಯಾನೇಜರು: ಇನ್ನೇನು, ಕಲಿತ ಪಾಠ.

ಹೆಂಡತಿ: ಹಾಗಾದ್ರೆ ಇಲ್ಲಿಂದಲೇ ಶುರು ಮಾಡಿ. ಈ ಚಿಲಕದಿಂದ ಏನು ಕಲಿತ್ರಿ? ಸರಿಯಾಗಿ ಹೇಳಿ, ತೆಗೀತೀನಿ.

ಮ್ಯಾನೇಜರು ಗಂಟಲು ಸರಿಮಾಡಿಕೊಂಡರು. ಪಾಠ ಹೇಳುವುದೆಂದರೆ ಅವರಿಗೆ ನೀರು ಕುಡಿದಷ್ಟು ಸಲೀಸು.

ಮ್ಯಾನೇಜರು: ಸಂವಹನದ ಕೊರತೆಯಿಂದಾಗಿ ಚಿಲಕವು ಹೊರಭಾಗದಲ್ಲಿ ಅಳವಡಿಸಲ್ಪಟ್ಟಿತು.

ಹೆಂಡತಿ: ಯಾರಿಂದ?

ಮ್ಯಾನೇಜರು: ಪಾಠದಲ್ಲಿ ಹಾಗೆಲ್ಲ ಹೆಸರು ಹಾಕಬಾರ್ದು. ಯಾರು ಮಾಡಿದ್ರು ಅನ್ನೋದು ಮುಖ್ಯ ಅಲ್ಲ, ಎಲ್ಲರೂ ಕಲಿಯೋದು ಮುಖ್ಯ.

ಹೆಂಡತಿ: ಓಹೋ. ನಿನ್ನೆ ಹಾಲು ಉಕ್ಕಿದಾಗ ಮಾತ್ರ 'ನೀನೇ ಉಕ್ಕಿಸಿದ್ದು' ಅಂತ ಕುಣಿದಾಡಿದ್ರಿ. 'ಹಾಲು ಉಕ್ಕಿಸಲ್ಪಟ್ಟಿತು' ಅಂತ ಯಾಕೆ ಅನ್ಲಿಲ್ಲ?

ಮ್ಯಾನೇಜರು: ಅದು ಮನೆ ವಿಷಯ.

ಹೆಂಡತಿ: ಇದೇನು, ಅರಮನೆ ವಿಷಯಾನಾ?

ಅಷ್ಟರಲ್ಲಿ ಹತಾರದ ಚೀಲ ಹೆಗಲಿಗೇರಿಸಿಕೊಂಡು ಬಡಗಿ ಬಂದ. ಚಿಲಕ ಕೂರಿಸಿದ್ದು ಅವನೇ. ಅದನ್ನು ಕಿತ್ತು ಒಳಗಡೆ ಕೂರಿಸಿಕೊಡೆಂದು ಹೆಂಡತಿಯೇ ಅವನಿಗೆ ಹೇಳಿಕಳಿಸಿದ್ದಳು.

ಬಡಗಿ: ಸಾರ್ ಎಲ್ಲಮ್ಮಾ?

ಹೆಂಡತಿ: ಒಳಗೆ ಪಾಠ ಕಲೀತಿದ್ದಾರೆ.

ಬಡಗಿ: ಬಚ್ಚಲೊಳಗಾ?

ಮ್ಯಾನೇಜರು: ಮೇಸ್ತ್ರೀ! ದೇವರು ಬಂದ ಹಾಗೆ ಬಂದ್ರಿ! ಮೊದಲು ಚಿಲಕ ತೆಗೀರಿ!

ಬಡಗಿ: ತೆಗೀತಿದ್ದೆ ಸಾರ್. ಆದ್ರೆ ಅಮ್ಮಾವ್ರು ಕಣ್ಣು ಬಿಡ್ತಿದ್ದಾರೆ.

ಮ್ಯಾನೇಜರು: ಹೋಗಲಿ, ನೀವೇ ಹೇಳಿ. ಚಿಲಕ ಹೊರಗೆ ಹಾಕಿ ಅಂತ ನಾನು ಹೇಳಿದ್ನಾ?

ಬಡಗಿ: ಹೇಳಿದ್ರಿ ಸಾರ್.

ಮ್ಯಾನೇಜರು: ಯಾವಾಗ?

ಬಡಗಿ: ನೀವು ಫೋನಲ್ಲಿದ್ರಿ. ಚಿಲಕ ಕೈಯಲ್ಲಿ ಹಿಡ್ಕೊಂಡು, 'ಒಳಗಾ ಹೊರಗಾ ಸಾರ್?' ಅಂತ ಕೇಳ್ದೆ. 'ಸದ್ಯಕ್ಕೆ ಹೊರಗೇ ಇರಲಿ' ಅಂದ್ರಿ.

ಮ್ಯಾನೇಜರು: ಅಯ್ಯೋ! ನೀವು ತಂದ ಸಾಮಾನಿನ ಪೊಟ್ಟಣ ಎಲ್ಲಿಡಲಿ ಅಂತ ಕೇಳ್ತಿದ್ದೀರಿ ಅಂದ್ಕೊಂಡು, ಅದು ಸದ್ಯಕ್ಕೆ ಹೊರಗೆ, ವರಾಂಡದಲ್ಲಿ ಇರಲಿ ಅಂದೆ ಕಣ್ರೀ!

ಬಡಗಿ: ನಂಗೂ ಅನುಮಾನ ಬಂತು ಸಾರ್. ಬಚ್ಚಲಿಗೆ ಯಾರಾದ್ರೂ ಹೊರಗಿಂದ ಚಿಲಕ ಹಾಕಿಸ್ತಾರಾ ಅಂತ. ಆಮೇಲೆ, ದೊಡ್ಡೋರ ಮನೆ, ಗಂಡ ಹೆಂಡ್ತಿ ಮಧ್ಯೆ ಏನೋ ಇರಬಹುದು, ನಮಗ್ಯಾಕೆ ಅಂತ ಸುಮ್ಮನಾದೆ.

ಹೆಂಡತಿ: ಕೇಳಿಸ್ತಾ ರೀ? ಈಗ ಹೇಳಿ, ಯಾರಿಂದ ಆಗಿದ್ದು?

ಮ್ಯಾನೇಜರು: ಮೌಖಿಕ ಸೂಚನೆಯು ತಪ್ಪಾಗಿ ಅರ್ಥೈಸಲ್ಪಟ್ಟಿತು.

ಬಡಗಿ: ಸಾರ್ ಅದ್ಯಾವ ಪಟ್ಟಿ ಕೇಳ್ತಿದ್ದಾರಮ್ಮಾ? ಮರದ ಪಟ್ಟಿ ನನ್ನ ಚೀಲದಲ್ಲೇ ಇದೆ.

ಹೆಂಡತಿ: ಅದು ಮರದ್ದಲ್ಲ ಮೇಸ್ತ್ರೀ. ಆಫೀಸಿನೋರು ಮಾತಿಗೆ ಹೊಡೆಯೋ ಪಟ್ಟಿ.

ಬಡಗಿ: ಓ, ಸಂದು ಕಾಣದ ಹಾಗಾ? ನಾವೂ ಅದಕ್ಕೇ ಹೊಡೆಯೋದು.

ಒಳಗೆ ಮ್ಯಾನೇಜರು ಹಲ್ಲು ಕಡಿದರು. ತಮ್ಮ ಭಾಷೆಗೆ ಆಫೀಸಿನಲ್ಲಿ ಎಷ್ಟು ಬೆಲೆಯಿದೆ ಎಂಬುದು ಈ ಇಬ್ಬರಿಗೆ ಹೇಗೆ ಗೊತ್ತಾಗಬೇಕು? ಮರದ ಬಾಗಿಲಿನ ಮುಂದೆ ನಿಂತು ಪಾಂಡಿತ್ಯ ಏನು ಮಾಡೀತು!

ಹೆಂಡತಿ: ಕಳೆದ ಸಲ ಅಡುಗೆಮನೆ ಕಪಾಟು ಮಾಡಿಸಿದಾಗ, ಬಾಗಿಲು ತೆಗೆದ್ರೆ ಗೋಡೆಗೆ ಬಡೀತಿತ್ತು. ಆಗೇನು ಕಲಿತ್ರಿ?

ಮ್ಯಾನೇಜರು: ಕಲಿತಿದ್ದೀನಿ. 'ಕೆಲಸದವರ ಪ್ರಶ್ನೆಯನ್ನು ಕೊನೆಯವರೆಗೆ ಕೇಳಿಸಿಕೊಳ್ಳತಕ್ಕದ್ದು.' ಬರೆದೂ ಇಟ್ಟಿದ್ದೀನಿ.

ಹೆಂಡತಿ: ಎಲ್ಲಿ?

ಮ್ಯಾನೇಜರು: ಕಂಪ್ಯೂಟರಲ್ಲಿ. ಬಹಳ ಭದ್ರವಾಗಿದೆ.

ಹೆಂಡತಿ: ಮೇಸ್ತ್ರಿಗೆ ಹೇಳಿದ್ರಾ?

ಮ್ಯಾನೇಜರು: ಇಲ್ಲ.

ಹೆಂಡತಿ: ನಂಗೆ?

ಮ್ಯಾನೇಜರು: ಅದಕ್ಕೆ ಪಾಸ್‌ವರ್ಡ್ ಇದೆ.

ಹೆಂಡತಿ: ನೀವಾದ್ರೂ ಇನ್ನೊಂದ್ಸಲ ಓದಿದ್ರಾ?

ಮ್ಯಾನೇಜರು: ಪಾಸ್‌ವರ್ಡ್... ಮರೆಯಲ್ಪಟ್ಟಿದೆ.

ಹೆಂಡತಿ: ಊರಿಗೆಲ್ಲ ಶಕುನ ಹೇಳೋ ಹಲ್ಲಿ ಬಚ್ಚಲಲ್ಲಿ ಬಿದ್ದು ಒದ್ದಾಡ್ತಂತೆ!

ಬಡಗಿ: ಒಳಗೆ ಹಲ್ಲಿನೂ ಇದೆಯಾಮ್ಮಾ?

ಹೆಂಡತಿ: ಇದೆ. ಟವಲು ಸುತ್ಕೊಂಡಿದೆ.

ಫೋನು ಗುಣುಗಿತು. ಮೀಟಿಂಗ್ ಶುರು. ಮ್ಯಾನೇಜರು ಬಕೆಟ್ ಬೋರಲು ಹಾಕಿ ಅದರ ಮೇಲೆ ಫೋನಿಟ್ಟು, ತಮ್ಮ ದನಿ ಆ ಕಡೆ ಹೋಗದಂತೆ ಮ್ಯೂಟ್ ಮಾಡಿ, ಬಾಗಿಲಿನ ಸಂದಿಗೆ ಬಾಯಿ ಹಚ್ಚಿದರು.

ಮ್ಯಾನೇಜರು: ನನ್ನ ಕಷ್ಟ ನಿಂಗೆ ಗೊತ್ತಿಲ್ಲ ಕಣೇ. ನಾವು ಕಟ್ಟಿದ ಗೋದಾಮಿನ ಬಾಗಿಲು ಲಾರಿ ಒಳಗೆ ಹೋಗದಷ್ಟು ಕಿರಿದಾಗಿದೆ. ಹಾಗೆ ಮಾಡ್ಸಿದ್ದು ದೊಡ್ಡ ಸಾಹೇಬ್ರು. ನಾನು ಬೇಡ ಅಂದೆ, ಕೇಳ್ಲಿಲ್ಲ. ಈಗ ಅದರ ಪಾಠನ ಅವರೆದುರಿಗೇ ನಾನು ಹೇಳ್ಬೇಕು. ಬಡ್ತಿ ಕೊಡೋರೂ ಅವರೇ. 'ಬಾಗಿಲು ಕಿರಿದಾಗಿ ನಿರ್ಮಿಸಲ್ಪಟ್ಟಿತು' ಅನ್ನದೆ ಇನ್ನೇನು ಅನ್ಲಿ?

ಹೆಂಡತಿಗೆ ಅಯ್ಯೋ ಪಾಪ ಅನ್ನಿಸಿತು. ಆದರೆ ಹಾಗೆಂದು ಚಿಲಕ ತೆಗೆದರೆ ನಾಳೆ ಇದೇ ರಾಗ, ಇದೇ ಹಾಡು.

ಹೆಂಡತಿ: ಅಲ್ಲಿ ಎಷ್ಟು ಬೇಕಾದ್ರೂ ಪಟ್ಟಿ ಹೊಡೀರಿ, ನಾನು ಬೇಡ ಅನ್ನಲ್ಲ. ನನ್ನ ಹತ್ರ ಹೊಡೀಬೇಡಿ. 'ನಾನು' ಅಂತ ಶುರುವಾಗೋ ಒಂದೇ ಒಂದು ಮಾತು ಹೇಳಿ, ಸಾಕು.

ಮ್ಯಾನೇಜರು: ನಾನು...

ಹೆಂಡತಿ: ಹೂಂ.

ಮ್ಯಾನೇಜರು: ನಾನು... ಅಂದ್ರೆ ನನ್ನಿಂದ... ತಪ್ಪು ಮಾಡಲ್ಪ...

ಹೆಂಡತಿ: ರೀ!

ಬಕೆಟ್ಟಿನ ಮೇಲಿಂದ ದೊಡ್ಡ ಸಾಹೇಬರ ದನಿ ಬಂತು: "ಮ್ಯಾನೇಜರೇ, ಗೋದಾಮಿನ ಬಾಗಿಲಿನ ಪಾಠ ಹೇಳಿ. ಇದ್ದೀರಾ?"

ಮ್ಯಾನೇಜರು ಹಾರಿ ಫೋನೆತ್ತಿಕೊಂಡು ಮ್ಯೂಟ್ ತೆಗೆದರು. "ಇದ್ದೀನಿ ಸಾರ್, ಒಂದೇ ನಿಮಿಷ!" ಎಂದರು. ಆದರೆ ಗಡಿಬಿಡಿಯಲ್ಲಿ ಮತ್ತೆ ಮ್ಯೂಟ್ ಮಾಡುವುದನ್ನು ಮರೆತರು. ಏಕೆಂದರೆ ಅದೇ ಹೊತ್ತಿಗೆ ಹೊರಗೆ ಸ್ಟೂಲು ಸರಿದ ಸದ್ದಾಯಿತು.

ಹೆಂಡತಿ: ಬನ್ನಿ ಮೇಸ್ತ್ರೀ, ಇವರದು ಮುಗಿಯೋ ಮಾತಲ್ಲ. ಸಾಯಂಕಾಲ ತೆಗೆದರಾಯ್ತು.

ಹೆಜ್ಜೆ ಸಪ್ಪಳ ದೂರವಾಗತೊಡಗಿತು. ಮ್ಯಾನೇಜರು ಫೋನು ಹಿಡಿದೇ ಬಾಗಿಲು ಬಡಿದರು.

ಮ್ಯಾನೇಜರು: ನಿಲ್ಲು! ನಾನೇ! ನಾನೇ ತಪ್ಪು ಮಾಡ್ದೆ! ಕೆಲಸದವರು ಏನು ಕೇಳ್ತಿದ್ದಾರೆ ಅಂತ ನೋಡ್ದೆ ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ! ಬಾಗಿಲು ಕೆಟ್ಟಿದ್ದು ನನ್ನಿಂದ, ನನ್ನೊಬ್ಬನಿಂದ! ಬೇರೆ ಯಾರದೂ ತಪ್ಪಿಲ್ಲ!

ಟಕ್ ಎಂದು ಚಿಲಕ ಸರಿಯಿತು. ಬಾಗಿಲು ತೆರೆಯಿತು. ಎದುರಿಗೆ ಹೆಂಡತಿ, ಮುಖದ ತುಂಬ ನಗು.

ಹೆಂಡತಿ: ಇಷ್ಟೇ ರೀ. ಇಷ್ಟಕ್ಕೆ ಇಷ್ಟೊಂದು ರಾಮಾಯಣ!

ಮ್ಯಾನೇಜರಿಗೂ ತಲೆಯ ಮೇಲಿನ ಹೊರೆ ಇಳಿದಷ್ಟು ಹಗುರವಾಯಿತು. ನಿಜ ಹೇಳುವುದು ಇಷ್ಟು ಸುಖವೆಂದು ಗೊತ್ತಿದ್ದರೆ ಎಂದೋ ಹೇಳುತ್ತಿದ್ದರು. ಅವರೂ ನಕ್ಕರು. ಆಗ ಅವರ ಕೈಯಲ್ಲಿದ್ದ ಫೋನಿನಿಂದ ಚಪ್ಪಾಳೆ ಕೇಳಿಬಂತು.

ದೊಡ್ಡ ಸಾಹೇಬರು: ಭೇಷ್ ಮ್ಯಾನೇಜರೇ! ಗೋದಾಮಿನ ಬಾಗಿಲು ಕೆಟ್ಟಿದ್ದು ಯಾರಿಂದ ಅಂತ ನಾವೆಲ್ಲ ತಲೆ ಕೆಡಿಸ್ಕೊಂಡಿದ್ವಿ. ನೀವೇ ಎಲ್ಲರೆದುರು ಒಪ್ಕೊಂಡ್ರಲ್ಲ, ಎಂಥ ದೊಡ್ಡ ಗುಣ! ಹೀಗೇ ಬರ್ಕೊಂಡು, ನಿಮ್ಮ ಹೆಸರು ಸಮೇತ ಎಲ್ಲಾ ಶಾಖೆಗೂ ಹಂಚಿಬಿಡ್ತೀವಿ. ಬಡ್ತಿ ವಿಷಯ ಮಾತ್ರ... ಮುಂದೆ ನೋಡೋಣ.

ಮ್ಯಾನೇಜರ ಮುಖ ಹೊಸ ಗೋಡೆಯ ಸುಣ್ಣದಷ್ಟು ಬೆಳ್ಳಗಾಯಿತು.

ಬಡಗಿ: ಅಮ್ಮಾ, ಸಾರ್‌ಗೆ ಈಗ ಬೇಕಾ ಪಟ್ಟಿ?

ಹೆಂಡತಿ ಒಂದು ಕ್ಷಣ ಗಂಡನ ಮುಖ ನೋಡಿದಳು. ತನ್ನೆದುರು ತಪ್ಪು ಒಪ್ಪಿಕೊಂಡ ಗಂಡನನ್ನು ಊರವರ ಬಾಯಿಗೆ ಹಾಕುವುದುಂಟೆ? ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅವರ ಕೈಯಿಂದ ಫೋನು ಕಿತ್ತುಕೊಂಡಳು.

ಹೆಂಡತಿ: ನಮಸ್ಕಾರ ಸಾರ್, ನಾನು ಇವರ ಹೆಂಡ್ತಿ. ನೀವು ತಪ್ಪು ತಿಳ್ಕೊಂಡ್ರಿ. ಇವರೇನೂ ಒಪ್ಕೊಳ್ಳಲಿಲ್ಲ.

ದೊಡ್ಡ ಸಾಹೇಬರು: ಅದು ಹೇಗಮ್ಮಾ? ನಾವೆಲ್ಲ ಕಿವಿಯಾರೆ ಕೇಳಿದ್ವಲ್ಲ!

ಹೆಂಡತಿ: ಇಲ್ಲ ಸಾರ್. ತಪ್ಪು ಒಪ್ಪಿಕೊಳ್ಳಲ್ಪಟ್ಟಿತು, ಅಷ್ಟೆ. ಯಾರಿಂದ ಅಂತ ಪಾಠದಲ್ಲಿ ಹಾಕಬಾರ್ದಂತೆ.