ಎಂಟನೆಯ ಸಂಸಾರ

ಅಂಗಪ್ಪನ್‌ಗೆ ಬಂದ ಕಷ್ಟಕ್ಕೆಲ್ಲ ಮೂಲಕಾರಣ, ಶನಿವಾರ ಮಧ್ಯಾಹ್ನದ ಟೀ ಬೇಕಾದದ್ದಕ್ಕಿಂತ ಹೆಚ್ಚು ಬಿಸಿಯಾಗಿದ್ದದ್ದು. ಆರಿಸಿ ಕುಡಿಯುವುದರಲ್ಲಿ ಎರಡು ನಿಮಿಷ ತಡವಾಯಿತು. ಅಷ್ಟರಲ್ಲಿ ತಿರುಪ್ಪೂರಿನ ಆ ಬನಿಯನ್ ಕಂಪನಿಯ ಉಳಿದ ಇನ್ನೂರ ಮೂವತ್ತೊಂಬತ್ತು ಜನ ತಮ್ಮ ತಮ್ಮ ಜಾಗದಲ್ಲಿ ತಲೆ ತಗ್ಗಿಸಿ ಕುಳಿತಾಗಿತ್ತು. ಮ್ಯಾನೇಜರ್ ದೀನದಯಾಳನ್ ಯಾರಾದರೂ ಒಬ್ಬ ಮನುಷ್ಯ ಸಿಕ್ಕಾನೇ ಎಂದು ಕಣ್ಣಾಡಿಸುತ್ತಿದ್ದ ಗಳಿಗೆಯಲ್ಲಿ, ತಲೆಯೆತ್ತಿಕೊಂಡು ನಡೆದು ಬರುತ್ತಿದ್ದವನು ಅಂಗಪ್ಪನ್ ಒಬ್ಬನೇ.

ನಾಳೆ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಒಬ್ಬ ಹುಡುಗಿ ಮನೆಗೆ ಬರುತ್ತಾಳೆ, ಕೇಳಿದ್ದಕ್ಕೆ ಉತ್ತರ ಹೇಳಬೇಕು ಎಂದು ತಮಿಳಿನಲ್ಲಿ ಆಜ್ಞೆಯಾಯಿತು.

ವಿಷಯ ಇಷ್ಟು. ಕಂಪನಿಯ ಬನಿಯನ್ನುಗಳನ್ನು ಕೊಳ್ಳುವ ಹಾಲೆಂಡಿನ ವ್ಯಾಪಾರಿಗಳಿಗೆ ಇದ್ದಕ್ಕಿದ್ದಂತೆ ಒಂದು ಸಂದೇಹ ಹುಟ್ಟಿತ್ತು: ತಮಗಾಗಿ ದುಡಿಯುವವರಿಗೆ ಎಂಟು ಗಂಟೆಯ ಕೂಲಿ ಹೊಟ್ಟೆಗೂ ಬಟ್ಟೆಗೂ ಸಾಲುತ್ತದೆಯೇ? ಎಂಟು ದೇಶಗಳಲ್ಲಿ ಒಂದೊಂದು ಸಂಸಾರವನ್ನು ಆರಿಸುವುದು, ಕೂಲಿಯನ್ನೂ ಖರ್ಚನ್ನೂ ಅಕ್ಕಪಕ್ಕ ಇಟ್ಟು ನೋಡುವುದು, ಕೂಲಿ ಸಾಲದಿದ್ದರೆ ಅಲ್ಲಿ ದುಡಿಯುವವರೆಲ್ಲರಿಗೂ ಕೊರತೆಯನ್ನು ತಾವೇ ತುಂಬಿಕೊಡುವುದು ಎಂದು ಅವರು ತೀರ್ಮಾನಿಸಿದ್ದರು. ಏಳು ಸಂಸಾರಗಳು ಮುಗಿದಿದ್ದವು. ಎಂಟನೆಯದು ಅಂಗಪ್ಪನ್‌ನದು.

ಅಂಗಪ್ಪನ್‌ನ ಜೀವನವೆಂಬುದು ಕೂಡಿ ಕಳೆಯಲು ಬಲ್ಲ ಯಾರಿಗಾದರೂ ಅರ್ಥವಾಗುವಂಥದು. ಒಂದು ಶಿಫ್ಟಿಗೆ ಐನೂರು ರೂಪಾಯಿ. ತಿಂಗಳ ಇಪ್ಪತ್ತಾರು ದಿನಕ್ಕೆ ಹದಿಮೂರು ಸಾವಿರ. ಮನೆಯ ಖರ್ಚು ಹತ್ತೊಂಬತ್ತೂವರೆ ಸಾವಿರ. ನಡುವಿನ ಆರೂವರೆ ಸಾವಿರಕ್ಕಾಗಿ ದಿನವೂ ಸಂಜೆ ಅರ್ಧ ಶಿಫ್ಟು ಹೆಚ್ಚಿಗೆ ಕುಳಿತು ಹೊಲಿಯಬೇಕು. ಹನ್ನೊಂದು ವರ್ಷಗಳಿಂದ ಅವನು ವಾರದ ದಿನಗಳಲ್ಲಿ ತನ್ನ ಬೀದಿಯ ಸಂಜೆಯನ್ನು ಕಂಡಿರಲಿಲ್ಲ. ಶಿಫ್ಟಿಗೆ ಇನ್ನೂರೈವತ್ತು ಏರಿದರೆ ಐದೂವರೆಗೆ ಮನೆ ಸೇರಬಹುದು. ಬಾಗಿಲಲ್ಲಿ ಕಾಲು ಚಾಚಿ ಕುಳಿತು, ಹೋಗಿ ಬರುವವರನ್ನು ಯಾವ ಕಾರಣವೂ ಇಲ್ಲದೆ ನೋಡಬಹುದು. ಅವನಿಗೆ ಬೇಕಾಗಿದ್ದದ್ದು ಇಷ್ಟೇ.

ಭಾನುವಾರ ಎಂಟು ಗಂಟೆಗೇ ಸಲಹೆಗಾರರು ಬಂದಿಳಿದರು. ಎದುರು ಮನೆಯ ಕಂದಸಾಮಿ ಅದೇ ಕಂಪನಿಯಲ್ಲಿ ಬಟ್ಟೆ ಪರೀಕ್ಷಿಸುವ ಕೆಲಸದವನು. ಪಕ್ಕದ ಮನೆಯ ವಳ್ಳಿಯಮ್ಮ ಅಂಗಪ್ಪನ್‌ನ ಬಾಡಿಗೆ ಮನೆಯ ಒಡತಿ, ಬೀದಿಗೆಲ್ಲ 'ಅತ್ತೆ'. ಆ ಬೀದಿಯವರೆಲ್ಲ ಅಜ್ಜಂದಿರ ಕಾಲದಲ್ಲಿ ಮಗ್ಗ ನೇಯುತ್ತಿದ್ದ ಕನ್ನಡದ ಮನೆಗಳವರು. ಬೀದಿಯಲ್ಲಿ ತಮಿಳು, ಅಡುಗೆಮನೆಯಲ್ಲಿ ಕನ್ನಡ. ಹೊರಗಿನವರ ಎದುರಿನಲ್ಲೇ ಗುಟ್ಟು ಮಾತನಾಡಿಕೊಳ್ಳಲು ಕನ್ನಡದಷ್ಟು ಗಟ್ಟಿಯಾದ ಬೀಗ ಬೇರೊಂದಿಲ್ಲವೆಂಬುದು ಅವರ ನಂಬಿಕೆ.

"ಅಣ್ಣಾ, ನಿಜ ಹೇಳಿ ಕೆಡಿಸ್ಬಿಡಬೇಡ," ಎಂದ ಕಂದಸಾಮಿ. "ಇದು ನಿನ್ನೊಬ್ಬನ ವಿಷಯ ಅಲ್ಲ, ಇನ್ನೂರ ನಲವತ್ತು ಜನದ್ದು. ಎಲ್ಲಾನೂ ಎರಡರಷ್ಟು ಹೇಳು. ಆ ಟಿವಿ ಯಾಕೆ ಅಲ್ಲೈತೆ? ಅಷ್ಟು ದೊಡ್ಡ ಟಿವಿ ಇಟ್ಕೊಂಡು ಬಡವ ಅಂದ್ರೆ ಯಾರು ನಂಬ್ತಾರೆ? ನಮ್ಮನೇಲಿ ಇಡ್ತೀನಿ ಕೊಡು."

"ಇವತ್ತು ಮ್ಯಾಚ್ ಐತೆ, ನಿನ್ನ ಟಿವಿ ಕೆಟ್ಟೈತೆ. ಅದಕ್ಕೆ ತಾನೆ?" ಎಂದಳು ಅಂಗಪ್ಪನ್‌ನ ಹೆಂಡತಿ ತಂಗಮಣಿ.

"ಅಕ್ಕಾ, ಪಾವಂ, ಪಾಪ ಅಂತ ಉಪಕಾರ ಮಾಡೋಕೆ ಬಂದ್ರೆ ಹಿಂಗಾ ಹೇಳೋದು?"

ವಳ್ಳಿಯಮ್ಮನ ಚಿಂತೆ ಬೇರೆಯಾಗಿತ್ತು. "ಏನು ಬೇಕಾದ್ರೂ ಏರಿಸಿ ಹೇಳ್ಕೊಳಪ್ಪಾ. ವಾಡಗೆ ಮಾತ್ರ ಎರಡೂವರೆ ಸಾವಿರ ಅನ್ನು. ನಾಲ್ಕೂವರೆ ಅಂತ ಬರೆಸಿದ್ರೆ ನಾಳೆ ಕಾರ್ಪೊರೇಷನ್‌ನೋರು ನನ್ನ ಮನೆ ವರಿ, ಕಂದಾಯ ಎಲ್ಲಾ ಏರಿಸ್ತಾರೆ."

"ಹಾಲೆಂಡಿನೋರು ಹೋಗಿ ಕಾರ್ಪೊರೇಷನ್‌ಗೆ ಯಾಕತ್ತೆ ಹೇಳ್ತಾರೆ?" ಎಂದ ಅಂಗಪ್ಪನ್.

"ಕಂಪ್ಯೂಟರ್ ಎಲ್ಲಾ ಒಂದೇ ತಾನೆ?"

ಅಂಗಪ್ಪನ್ ಇದಕ್ಕೆ ಉತ್ತರ ಹುಡುಕುತ್ತಿರುವಾಗಲೇ ಕಂದಸಾಮಿ ಅವನ ಮೈಮೇಲಿನ ಒಳ್ಳೆಯ ಶರ್ಟನ್ನು ಕಳಚಿಸಿ, ಕಂಕುಳಲ್ಲಿ ಹರಿದ ಬನಿಯನ್ ತೊಡಿಸಿದ. ಒಳಗೆ ತಂಗಮಣಿ ಇದಕ್ಕೆ ವಿರುದ್ಧವಾದ ಸಿದ್ಧತೆಯಲ್ಲಿದ್ದಳು. ಪರಸ್ಥಳದ ಹೆಣ್ಣುಮಗಳೊಬ್ಬಳ ಮುಂದೆ ಇಲ್ಲದವರ ಹಾಗೆ ನಿಲ್ಲಲು ತನ್ನಿಂದಾಗದು ಎಂದು ಅವಳು ಮದುವೆಯ ರೇಷ್ಮೆ ಸೀರೆಯನ್ನು ಉಟ್ಟು, ವಳ್ಳಿಯಮ್ಮನಿಂದ ಕಡ ತಂದ ಗೋಡಂಬಿಯನ್ನು ತಟ್ಟೆಗೆ ಹಾಕಿದಳು. ಹತ್ತು ಗಂಟೆಯ ಹೊತ್ತಿಗೆ ಗಂಡ ಹೆಂಡಿರಿಬ್ಬರೂ ಆ ಎಂಟು ದೇಶಗಳಲ್ಲಿ ಬೇರೆ ಬೇರೆ ಎರಡು ದೇಶಗಳಿಂದ ಬಂದವರಂತೆ ಕಾಣುತ್ತಿದ್ದರು.

ಕಂದಸಾಮಿ ಟಿವಿಯನ್ನು ಎದೆಗವಚಿಕೊಂಡು ಹೊಸ್ತಿಲು ದಾಟುವುದಕ್ಕೂ ಸಮೀಕ್ಷೆಯ ಹುಡುಗಿ ಪ್ರೇರಣಾ ಒಳಗೆ ಕಾಲಿಡುವುದಕ್ಕೂ ಸರಿಹೋಯಿತು. ಅವನು "ರಿಪೇರ್" ಎಂದ. ಅವಳು ನೆಲದ ಮೇಲೆ ಎಳೆದಾಡುತ್ತಿದ್ದ ವಯರನ್ನು ಎತ್ತಿ ಅವನ ಹೆಗಲ ಮೇಲೆ ಇಟ್ಟು, ದಾರಿ ಬಿಟ್ಟಳು. ಅವನು ಎದುರು ಮನೆಯಲ್ಲಿ ಟಿವಿ ಇಳಿಸಿ, ಮಗನಿಗೆ ಒಪ್ಪಿಸಿ, ಓಡುತ್ತಲೇ ಹಿಂದಿರುಗಿದ.

ಪ್ರೇರಣಾಳ ತಮಿಳು ಒಂದು ಕಾಲು ಮೋಟಾದ ಮೇಜಿನ ಹಾಗೆ ಮಾತು ಮಾತಿಗೂ ಒಂದು ಕಡೆ ವಾಲುತ್ತಿತ್ತು. ಆದರೆ ಹುಡುಗಿ ಶ್ರದ್ಧೆಯವಳು. ಮಡಿಲಲ್ಲಿ ಟ್ಯಾಬ್ಲೆಟ್ ಇಟ್ಟುಕೊಂಡು, ಉಳಿದ ಏಳು ಸಂಸಾರಗಳು ಏನೇನು ಖರ್ಚು ಮಾಡುತ್ತವೆಂಬುದನ್ನು ಮೊದಲು ವಿವರಿಸಿದಳು. ಹಾಲೆಂಡಿನ ಗೋದಾಮಿನಲ್ಲಿ ಬಟ್ಟೆ ಜೋಡಿಸಿಡುವವನು ಒಂದು ಸಲದ ಕ್ಷೌರಕ್ಕೆ ಎರಡೂವರೆ ಸಾವಿರ ರೂಪಾಯಿ ಕೊಡುತ್ತಾನೆ ಎಂದಾಗ ವಳ್ಳಿಯಮ್ಮ ಕೆನ್ನೆ ಬಡಿದುಕೊಂಡಳು.

"ಅಯ್ಯಯ್ಯೋ! ಅಷ್ಟು ಕಾಸಿದ್ರೆ ಬಸ್ ಚಾರ್ಜ್ ಸೇರಿಸಿ ಪಳನಿಗೆ ಹೋಗಿ, ಈ ಬೀದಿ ಪೂರಾ ತಲೆ ಬೋಳಿಸಿ ಮೊಟ್ಟೆ ಹೊಡೆಸ್ಕೊಂಡು ಬರಬಹುದಲ್ಲಾ!"

ಪ್ರಶ್ನೆಗಳು ಆರಂಭವಾದವು. ದಿನಕ್ಕೆ ಹಾಲು ಎಷ್ಟು?

"ಎರಡು ಲೀಟರ್ ಅನ್ನಣ್ಣಾ," ಎಂದು ಕಂದಸಾಮಿ ಗೋಡೆಯ ಕಡೆ ನೋಡುತ್ತ ಕನ್ನಡದಲ್ಲಿ ಹೇಳಿದ.

"ಎರಡು ಲೀಟರಾ? ಮನೇಲಿರೋದು ಮೂರು ಜನ. ಕುಡೀತೀವಾ, ಸ್ನಾನ ಮಾಡ್ತೀವಾ?" ಎಂದಳು ತಂಗಮಣಿ, ಮುಖದಲ್ಲಿ ಅತಿಥಿಗೆ ತೋರಿಸುವ ನಗುವನ್ನು ಕೆಡಿಸದೆ.

"ನೀ ಸುಮ್ನಿರಕ್ಕಾ. ವೈದ್ಯದ ಖರ್ಚು ಕೇಳ್ತಾಳೆ ನೋಡು ಈಗ. ತಿಂಗಳಿಗೆ ಮೂರು ಸಾವಿರ ಅನ್ನಣ್ಣಾ. ಅತ್ತೇನ ನಿನ್ನ ತಾಯಿ ಅಂತ ಹೇಳು, ಸಕ್ಕರೆ ಕಾಯಿಲೆ ಅನ್ನು."

"ನನಗ್ಯಾಕೋ ಸಕ್ಕರೆ ಕಾಯಿಲೆ?" ಎಂದು ವಳ್ಳಿಯಮ್ಮ ಸಿಡಿದಳು. "ಬೇಕಾದ್ರೆ ನಿನ್ನ ಹೆಂಡತಿಗೆ ಬರೆಸು!"

"ಬರೀ ಮಾತಿಗೆ ಅತ್ತೆ. ಈ ಹುಡುಗಿಗೆ ಏನ್ ತಿಳೀತದೆ?"

ಪ್ರೇರಣಾ ಟ್ಯಾಬ್ಲೆಟ್‌ನಿಂದ ಕಣ್ಣೆತ್ತಲಿಲ್ಲ. "ಹಾಲು ಅರ್ಧ ಲೀಟರ್ ಅಂತ ಬರ್ಕೊಳ್ಳಲಾ ಅಣ್ಣಾ?" ಎಂದು ಅಚ್ಚ ಕನ್ನಡದಲ್ಲಿ ಕೇಳಿದಳು. "ಅಜ್ಜಿಗೆ ಸಕ್ಕರೆ ಕಾಯಿಲೆ ಇಲ್ಲ ಅಂತಲೇ ಹಾಕಿದೀನಿ. ನಾನು ಅರಸೀಕೆರೆಯವಳು."

ಎದುರು ಮನೆಯಿಂದ, ರಿಪೇರಿಗೆ ಹೋದ ಟಿವಿಯಲ್ಲಿ ಯಾರೋ ಸಿಕ್ಸರ್ ಹೊಡೆದ ಗದ್ದಲ ಮಾತ್ರ ಸ್ಪಷ್ಟವಾಗಿ ಕೇಳಿಬಂತು.

ಅಂಗಪ್ಪನ್ ಎದ್ದು ನಿಂತ. ಹುಟ್ಟಿದಂದಿನಿಂದ ಯಾರ ಮೇಲೂ ದನಿಯೆತ್ತದ ಮನುಷ್ಯ. ಆದ್ದರಿಂದ ದನಿಯೆತ್ತುವುದು ಹೇಗೆಂಬುದೂ ಅವನಿಗೆ ತಿಳಿದಿರಲಿಲ್ಲ. ಮೊದಲ ಅಕ್ಷರ ಕೀಚಲಾಗಿಯೂ ಉಳಿದದ್ದು ಗುಡುಗಾಗಿಯೂ ಬಂತು.

"ಪೋದುಂ, ಸಾಕು! ಇನ್ನು ಯಾರೂ ಬಾಯಿ ತೆಗೀಬಾರದು." ಎಂದು ಪ್ರೇರಣಾಳ ಕಡೆ ತಿರುಗಿದ. "ಅಮ್ಮಿಣಿ, ಮೊದಲಿಂದ ಕೇಳಮ್ಮಾ. ಒಂದು ರೂಪಾಯಿ ಆಚೆ ಈಚೆ ಇಲ್ಲದೆ ನಾನೇ ಹೇಳ್ತೀನಿ."

ಹೇಳಿದ. ಬಾಡಿಗೆ ನಾಲ್ಕೂವರೆ ಸಾವಿರ ಎಂದಾಗ ವಳ್ಳಿಯಮ್ಮ ಕುಕ್ಕರಿನಂತೆ ಬುಸುಗುಟ್ಟಿದಳು. ಅವನು ತಿರುಗಿ ನೋಡಲಿಲ್ಲ. ಹಾಲು, ಗ್ಯಾಸ್, ಕರೆಂಟು, ಎಣ್ಣೆ, ತರಕಾರಿ, ಮಗಳ ಕಾಲೇಜು, ಕುಡಿಯುವ ನೀರಿನ ಕ್ಯಾನು, ತನ್ನ ಕನ್ನಡಕದ ಕಂತು, ಎಲ್ಲವನ್ನೂ ಹೇಳಿದ. ಪ್ರೇರಣಾ ಬೆರಳಾಡಿಸಿದಳು. ಮೊತ್ತ ಹತ್ತೊಂಬತ್ತು ಸಾವಿರದ ಐನೂರು. ಅದರ ಕೆಳಗೆ ಕೆಂಪು ಅಕ್ಷರದಲ್ಲಿ ಒಂದು ಸಾಲು ಮೂಡಿತು: ಶಿಫ್ಟಿಗೆ ಕೊರತೆ, ಇನ್ನೂರೈವತ್ತು.

"ಅಣ್ಣಾ!" ಎಂದು ಕಂದಸಾಮಿ ಅವನ ಕೈ ಹಿಡಿದುಕೊಂಡ. "ಸುಳ್ಳು ಹೇಳಿ ತರಬೇಕು ಅಂತಿದ್ದ ಕಾಸು ನಿಜದಲ್ಲೇ ಬಂದ್ಬಿಡ್ತಲ್ಲಣ್ಣಾ!"

ಅಂಗಪ್ಪನ್ ಬಾಗಿಲಾಚೆಯ ಬೀದಿಯನ್ನು, ಮುಂದಿನ ತಿಂಗಳಿನಿಂದ ಸಂಜೆಗಳಲ್ಲಿ ತನ್ನದಾಗಲಿರುವ ಆ ಹತ್ತಡಿ ಜಾಗವನ್ನು, ಅಳತೆ ಮಾಡುವವನಂತೆ ನೋಡಿದ. ನಿಜ ಹೇಳುವುದು ಇಷ್ಟು ಲಾಭದ ಕೆಲಸವೆಂದು ಯಾರೂ ಅವನಿಗೆ ಇದುವರೆಗೆ ತಿಳಿಸಿರಲಿಲ್ಲ. ಅದು ಅವನ ತಲೆಗೇರಿತು.

"ಕೊನೇ ಪ್ರಶ್ನೆ ಅಣ್ಣಾ," ಎಂದಳು ಪ್ರೇರಣಾ. "ರೂಪಾಯಿ, ಯೂರೋ, ಟಾಕಾ, ಒಂದಕ್ಕೊಂದು ತಾಳೆ ಆಗಲ್ಲ. ಅದಕ್ಕೇ ಎಲ್ಲರ ಕೂಲೀನೂ ಅಕ್ಕಿಗೆ ಬದಲಾಯಿಸ್ತಾರೆ. ಒಂದು ದಿನದ ಕೂಲಿಗೆ ಎಷ್ಟು ಕಿಲೋ ಅಕ್ಕಿ ಬರುತ್ತೆ ಅಂತ. ಅದರ ಮೇಲೆ ಎಂಟು ದೇಶಗಳನ್ನ ಸಾಲಾಗಿ ನಿಲ್ಲಿಸ್ತಾರೆ. ನೀವು ಅಕ್ಕಿ ಕಿಲೋ ಎಷ್ಟಕ್ಕೆ ತರ್ತೀರಾ?"

"ಅಂಗಡೀಲಿ ಅರವತ್ತು—" ಎಂದು ತಂಗಮಣಿ ಆರಂಭಿಸಿದಳು.

"ತಂಗಮಣಿ!" ಎಂದ ಅಂಗಪ್ಪನ್. "ಅದು ದೀಪಾವಳಿಗೂ ಪೊಂಗಲ್‌ಗೂ. ದಿನಾ ತಿನ್ನೋದು ಯಾವ ಅಕ್ಕಿ?"

"ಈಗ ಅದೆಲ್ಲಾ ಯಾಕೆ—"

"ಯಾವ ಅಕ್ಕಿ?"

"ರೇಷನ್ ಅಕ್ಕಿ," ಎಂದಳು ಅವಳು ಸೆರಗಿನ ಜರಿಯನ್ನು ನೋಡುತ್ತ.

"ಅದಕ್ಕೆ ಎಷ್ಟು ಕೊಡ್ತೀಯ?"

"ಸುಮ್ನೆ ಕೊಡ್ತಾರೆ."

"ಹಾಗಾದ್ರೆ ಸೊನ್ನೆ. ಬರ್ಕೋ ಅಮ್ಮಿಣಿ."

ಪ್ರೇರಣಾಳ ಬೆರಳು ಗಾಳಿಯಲ್ಲೇ ನಿಂತಿತು. "ಸೊನ್ನೆ ಅಂತಲೇ ಹಾಕ್ಲಾ ಅಣ್ಣಾ? ಬೇರೆ ಯಾರೂ ಹಾಗೆ ಹೇಳಿಲ್ಲ. ಅಕ್ಕ ಹೇಳಿದ ಅರವತ್ತನ್ನೇ..."

"ನಿಜಕ್ಕೆ ಏನಮ್ಮಾ ಭಯ? ಹಾಕು."

ಅವಳು ಹಾಕಿದಳು.

ಯಾವ ಸಂಖ್ಯೆಯನ್ನೂ ಸೊನ್ನೆಯಿಂದ ಭಾಗಿಸಬಾರದೆಂಬುದನ್ನು ಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತಾರೆ. ಹಾಲೆಂಡಿನ ಯಂತ್ರಕ್ಕೆ ಯಾರೂ ಕಲಿಸಿರಲಿಲ್ಲ. ಅದು ಐನೂರನ್ನು ಸೊನ್ನೆಯಿಂದ ಭಾಗಿಸಲು ಹೊರಟು ಬಹಳ ಹೊತ್ತು ಸುತ್ತಿತು. ತನಗೆ ಬಾರದೆಂದು ಒಪ್ಪಿಕೊಳ್ಳುವ ಪ್ರಾಮಾಣಿಕತೆ ಇಲ್ಲದೆ, ತನ್ನ ಬಳಿಯಿದ್ದ ಒಂಬತ್ತುಗಳನ್ನೆಲ್ಲ ಸಾಲಾಗಿ ಜೋಡಿಸಿ ಉತ್ತರವೆಂದು ತೋರಿಸಿತು. ಆಮೇಲೆ ಪಟ್ಟಿ ಬಂತು. ಎರಡನೆಯ ಸ್ಥಾನ ಹಾಲೆಂಡ್, ಒಂದು ದಿನದ ಕೂಲಿಗೆ ಐವತ್ತೆಂಟು ಕಿಲೋ ಅಕ್ಕಿ. ಮೊದಲ ಸ್ಥಾನ ತಿರುಪ್ಪೂರಿನ ಅಂಗಪ್ಪನ್, ಒಂದು ದಿನದ ಕೂಲಿಗೆ ಇಡೀ ಪ್ರಪಂಚದ ಹೊಲಗಳಲ್ಲಿ ಬೆಳೆಯದಷ್ಟು ಅಕ್ಕಿ. ಕೊರತೆಯ ಕೆಂಪು ಸಾಲು ಅಳಿದು, ಆ ಜಾಗದಲ್ಲಿ ಹಸಿರು ಅಕ್ಷರದಲ್ಲಿ 'ಇಲ್ಲ' ಎಂದು ಮೂಡಿತು.

ಪ್ರೇರಣಾ ಹಿಂದಕ್ಕೆ ಹೋಗುವ ಗುಂಡಿಯನ್ನು ಒತ್ತಿದಳು, ಮತ್ತೆ ಒತ್ತಿದಳು, ಇರುವೆಯನ್ನು ಕೊಲ್ಲುವವಳಂತೆ ಎಂಟು ಹತ್ತು ಸಲ ಒತ್ತಿದಳು.

"ಹೋಗ್ಬಿಡ್ತು ಅಣ್ಣಾ. ನಿಮ್ಮದೇ ಕೊನೇದಲ್ವಾ, ಅಷ್ಟೂ ಒಟ್ಟಿಗೆ ಹಾಲೆಂಡಿಗೆ ಹೋಗ್ಬಿಡ್ತು."

"ಹೋದ್ರೆ ಏನಾಗ್ತದೆ?"

"ಮೊದಲನೇ ಸ್ಥಾನದವರನ್ನ ಅಳತೆಗೆ ಇಟ್ಕೊಂಡು, ಅವರಿಗಿಂತ ಕೆಳಗಿರೋ ಏಳು ದೇಶಗಳಿಗೂ ಕೂಲಿ ಏರಿಸ್ತಾರೆ."

"ಏಳಕ್ಕೂ? ಹಾಲೆಂಡಿಗೂನಾ?"

"ಅವರೂ ನಿಮಗಿಂತ ಕೆಳಗೇ ಇದಾರಲ್ಲ ಅಣ್ಣಾ."

ಅಂಗಪ್ಪನ್ ಕುಳಿತುಕೊಂಡ. ಹಾಲೆಂಡಿನ ಆ ಗೋದಾಮಿನವನ ಒಂದು ಗಂಟೆಯ ಕೂಲಿ ಅಂಗಪ್ಪನ್‌ನ ಸುಮಾರು ಮೂರು ಶಿಫ್ಟಿನ ಕೂಲಿ. ತನಗಿಂತ ಹಿಂದುಳಿದವನೆಂದು ಇನ್ನು ಅವನಿಗೆ ಏರಿಕೆ.

"ನಾನು ನಾಳೆ ಪತ್ರ ಬರೀತೀನಿ," ಎಂದಳು ಪ್ರೇರಣಾ. ಹುಡುಗಿಯ ಕಣ್ಣಲ್ಲಿ ನೀರಿತ್ತು. "ಆದ್ರೆ ಅವರು ಲೆಕ್ಕ ತೆಗೆಯೋದು ಮೂರು ವರ್ಷಕ್ಕೊಂದು ಸಲ." ಗೋಡಂಬಿಯನ್ನು ಮುಟ್ಟದೆಯೇ ಅವಳು ಹೊರಟುಹೋದಳು. ವಳ್ಳಿಯಮ್ಮ ತಟ್ಟೆಯಲ್ಲಿದ್ದುದನ್ನು ಎಣಿಸಿ ಸೆರಗಿಗೆ ಸುರಿದುಕೊಂಡಳು.

"ಒಂದೇ ಒಂದು ಸುಳ್ಳು ಬಿಟ್ಟಿದ್ರೆ ಸಾಕಿತ್ತಲ್ಲಣ್ಣಾ," ಎಂದು ಕಂದಸಾಮಿ ಬಾಗಿಲಲ್ಲಿ ನಿಂತು ಹೇಳಿದ. "ಅದೂ ನಮ್ಮ ಅಕ್ಕನೇ ಬಾಯಿಗೆ ತಂದು ಕೊಟ್ಟಿದ್ದಳು!" ನಾಳೆ ಕಂಪನಿಯ ಇನ್ನೂರ ಮೂವತ್ತೊಂಬತ್ತು ಜನಕ್ಕೂ ಈ ಸುದ್ದಿಯನ್ನು ತಾನೇ ಮುಟ್ಟಿಸುವುದಾಗಿ ಹೇಳಿ, ಉಳಿದ ಮ್ಯಾಚ್ ನೋಡಲು ಹೋದ.

ನಾಲ್ಕು ಗಂಟೆಗೆ ದೀನದಯಾಳನ್‌ನ ಫೋನು ಬಂತು. ಹಾಲೆಂಡಿನ ಯಂತ್ರ ಕಂಪನಿಗೆ ಅಭಿನಂದನೆ ಕಳಿಸಿದೆ. ಎಂಟು ದೇಶಗಳಲ್ಲಿ ಕೂಲಿಕಾರನನ್ನು ಇಷ್ಟು ಸುಖವಾಗಿ ಇಟ್ಟಿರುವ ಕಂಪನಿ ಇನ್ನೊಂದಿಲ್ಲ. ಅಂಗಪ್ಪನ್‌ನ ಫೋಟೋವನ್ನು ಗೇಟಿನಲ್ಲಿ ಹಾಕಲಾಗುತ್ತದೆ. ಬರುವಾಗ ಒಳ್ಳೆಯ ಶರ್ಟು ಹಾಕಿಕೊಂಡು ಬಾ. ಅದು ಭಾಗಾಕಾರದ ತಪ್ಪು ಸಾರ್ ಎಂದು ಅಂಗಪ್ಪನ್ ವಿವರಿಸಲು ಹೋದ. ಮೊದಲ ಸ್ಥಾನ ಕೊಟ್ಟರೂ ಅಳುವವನನ್ನು ತಾನು ಇದೇ ಮೊದಲು ಕಾಣುತ್ತಿರುವುದಾಗಿ ಹೇಳಿ ದೀನದಯಾಳನ್ ಫೋನು ಇಟ್ಟ.

ಐದೂವರೆಗೆ ಅಂಗಪ್ಪನ್ ಬಾಗಿಲಲ್ಲಿ ಕಾಲು ಚಾಚಿ ಕುಳಿತ. ಬಿಸಿಲು ಇಳಿದಿತ್ತು. ಜನ ಹೋಗುತ್ತಿದ್ದರು, ಬರುತ್ತಿದ್ದರು. ಅವರನ್ನು ಹತ್ತು ನಿಮಿಷ ನೋಡಿರಬಹುದು. ವಳ್ಳಿಯಮ್ಮ 'ಸ್ವಲ್ಪ ಆಚೆ ಒತ್ತು' ಎಂದು ಪಕ್ಕದಲ್ಲಿ ಕುಳಿತಳು.

"ಅಂಗಪ್ಪಾ, ಮುಂದಿನ ತಿಂಗಳಿಂದ ವಾಡಗೆ ಆರೂವರೆ."

"ಅತ್ತೇ! ಒಂದೇ ಸಲ ಎರಡು ಸಾವಿರಾನಾ?"

"ನಾಲ್ಕೂವರೆ ಅಂತ ಊರಿಗೆಲ್ಲಾ ನೀನೇ ಬರೆಸ್ದೆ. ವರಿ ಏರಿದ್ರೆ ಯಾರು ಕಟ್ಟೋದು? ಮತ್ತೆ, ಎಂಟು ದೇಶಕ್ಕೆ ಮೊದಲನೆಯೋನು ನೀನು. ಅಂಥೋನು ನಾಲ್ಕೂವರೆ ಸಾವಿರದ ಮನೇಲಿದಾನೆ ಅಂದ್ರೆ ನನಗೆ ಮರ್ಯಾದೆ ಬೇಡ್ವಾ?"

ಅಂಗಪ್ಪನ್ ಲೆಕ್ಕ ಹಾಕಿದ. ಎರಡು ಸಾವಿರವೆಂದರೆ ನಾಲ್ಕು ಶಿಫ್ಟು. ವಾರದ ಆರು ದಿನಗಳೂ, ಅವುಗಳ ಆರು ಸಂಜೆಗಳೂ ಆಗಲೇ ಭರ್ತಿಯಾಗಿದ್ದವು. ತಿಂಗಳಿಗೆ ಭಾನುವಾರಗಳು ನಾಲ್ಕು.

ಶೇಷವೇನೂ ಉಳಿಯಲಿಲ್ಲ.