ನೀರಿಗೆ ಜಗ್ಗದ ಖಾರ

ಪರೀಕ್ಷಾ ಪಾಠ ಮಾಡುವ ದಿನ ಬೆಳಿಗ್ಗೆ ಮೆಣಸಿನಕಾಯಿ ಹೆಚ್ಚಲು ಕೂರಬಾರದು ಎಂದು ಮೇಷ್ಟ್ರುಗಳಿಗೆ ಯಾರೂ ಹೇಳಿಕೊಡುವುದಿಲ್ಲ. ಹಾಗಾಗಿ ರಸಾಯನಶಾಸ್ತ್ರದ ಮೇಷ್ಟ್ರು ಹೆಂಡತಿ ಮುಂದಿಟ್ಟ ರಾಶಿಯನ್ನು ಕಚಕಚನೆ ಹೆಚ್ಚಿಕೊಟ್ಟು, ನಲ್ಲಿಯಡಿ ಕೈಯೊಡ್ಡಿ, ಬಸ್ಸಿಗೆ ಓಡಿದರು. ಖಾರದ ಕೈಗೆ ಬರೀ ನೀರು ಸಾಲದೆಂದು ಅವರಿಗೆ ಗೊತ್ತಿಲ್ಲದೆ ಇರಲಿಲ್ಲ. ಆದರೆ ಬಸ್ಸು ಕಾಯಬೇಕಲ್ಲ!

ಆ ದಿನ ಆಡಳಿತ ಮಂಡಳಿಯ ಅಧ್ಯಕ್ಷೆ ಅವರ ತರಗತಿಗೆ ಬರುವವರಿದ್ದರು. ಪಾಠ ಮೆಚ್ಚಿದರೆ ಮುಖ್ಯೋಪಾಧ್ಯಾಯರ ಕುರ್ಚಿ ಇವರದು, ಇಲ್ಲವಾದರೆ ಗಣಿತದ ಮೇಷ್ಟ್ರದು. ವರ್ಷಗಟ್ಟಲೆ ಕೈತಪ್ಪಿದ ಕುರ್ಚಿಯನ್ನು ಈ ಸಲ ಬಿಡುವುದಿಲ್ಲವೆಂದು ಮೇಷ್ಟ್ರು ಪಣ ತೊಟ್ಟಿದ್ದರು.

ಬಸ್ಸಿನಲ್ಲಿ ಕಣ್ಣಿಗೆ ಧೂಳು ಬಿತ್ತು. ಉಜ್ಜಿಕೊಂಡರು. ಶಾಲೆಯ ಗೇಟು ದಾಟುವಾಗ ಎರಡು ಕಣ್ಣಲ್ಲೂ ಧಾರಾಕಾರ.

ಮೊದಲು ಎದುರಾದವರೇ ಗಣಿತದ ಮೇಷ್ಟ್ರು. ಇಂಥ ಅಳುವಿಗೆ ಸಾವಿನ ಹೊರತು ಬೇರೆ ಕಾರಣವೇ ಇರಲಾರದೆಂದು ಅವರು ಲೆಕ್ಕ ಹಾಕಿದರು. ಇವರ ಅತ್ತೆಗೆ ಹೋದ ತಿಂಗಳು ಜ್ವರ ಬಂದಿದ್ದು ನೆನಪಾಗಿ, ಉತ್ತರವೂ ಸಿಕ್ಕಿಬಿಟ್ಟಿತು. ಪ್ರಾರ್ಥನೆ ಮುಗಿಯುವುದರೊಳಗೆ ಅತ್ತೆ ತೀರಿಕೊಂಡ ಸುದ್ದಿ ಶಾಲೆಯ ಅಡುಗೆಮನೆಯವರೆಗೂ ತಲುಪಿತ್ತು.

“ಯಾರೂ ಸತ್ತಿಲ್ಲ ಕಣ್ರೀ, ಮೆಣಸಿನಕಾಯಿ ಇದು. ಒಂಚೂರು ಹಾಲೋ ಎಣ್ಣೆನೋ ಇದ್ರೆ ಕೊಡಿ,” ಎಂದು ಮೇಷ್ಟ್ರು ಗೋಗರೆದರು.

“ಅಳೋಕೆ ನಾಚಿಕೆ ಯಾಕೆ ಸಾರ್,” ಎಂದು ಗಣಿತದವರು ಬೆನ್ನು ಸವರಿದರು. ದುಃಖ ತಲೆಗೇರಿ ಏನೇನೋ ಕೇಳುತ್ತಿದ್ದಾರೆ ಎಂದು ಉಳಿದವರು ಮರುಗಿದರು. ಒಬ್ಬೊಬ್ಬರೂ ಒಂದೊಂದು ಲೋಟ ನೀರು ತಂದು ಮುಖಕ್ಕೆ ಎರಚಿದರು. ಉರಿ ಕಣ್ಣಿನಿಂದ ಕೆನ್ನೆಗೆ, ಕೆನ್ನೆಯಿಂದ ಮೂಗಿಗೆ ಇಳಿಯಿತು. ಮನೆಗೆ ಹೋಗಿ ಎಂದು ಎಲ್ಲರೂ ಒತ್ತಾಯ ಮಾಡಿದಷ್ಟೂ ಮೇಷ್ಟ್ರ ಹಟ ಗಟ್ಟಿಯಾಯಿತು. ಕಣ್ಣು ಕಿತ್ತು ಕೈಗೆ ಬಂದರೂ ಪಾಠ ಮಾಡಿಯೇ ತೀರುವುದೆಂದು ಸೀಮೆಸುಣ್ಣ ಹಿಡಿದು ಹೊರಟರು.

ಪಾಠ ಇದ್ದದ್ದು, ಇಂಗಾಲದ ಕೆಲವು ಸಂಯುಕ್ತಗಳು ನೀರಿನಲ್ಲಿ ಏಕೆ ಕರಗುತ್ತವೆ ಎಂಬುದರ ಮೇಲೆ. ಅಧ್ಯಕ್ಷೆ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಸುದ್ದಿ ಅವರ ಕಿವಿಗೂ ಬಿದ್ದಿತ್ತು.

“ಸಕ್ಕರೆ ಅಣುವಿಗೆ ಮೈತುಂಬಾ ಕೈಗಳು,” ಎಂದು ಮೇಷ್ಟ್ರು ಮೂಗೊರೆಸಿಕೊಂಡು ಶುರುಮಾಡಿದರು. “ಆಕ್ಸಿಜನ್ನು, ಹೈಡ್ರೋಜನ್ನು ಸೇರಿ ಆದ ಕೈಗಳು. ನೀರು ಬಂದು ಆ ಕೈ ಹಿಡಿದು ತನ್ನ ಜೊತೆ ಕರ್ಕೊಂಡು ಹೋಗುತ್ತೆ. ಸ್ಪಿರಿಟ್ಟಿಗೆ ಒಂದೇ ಕೈ. ಆದ್ರೆ ಅದರ ಇಂಗಾಲದ ಬಾಲ ಗಿಡ್ಡ, ಅದೂ ಕರಗುತ್ತೆ. ಬಾಲ ಉದ್ದ ಆದಷ್ಟೂ ಕಷ್ಟ. ಸೀಮೆಎಣ್ಣೆಗಂತೂ ಕೈಯೇ ಇಲ್ಲ ಮಕ್ಕಳೇ. ನೀರಿನ ನಡುವೆ ಇದ್ದರೂ ಅದನ್ನು ಹಿಡ್ಕೊಳ್ಳೋರಿಲ್ಲ.”

ಹೀಗೆಂದು ಕಣ್ಣೊರೆಸಿಕೊಂಡಾಗ ಮುಂದಿನ ಬೆಂಚಿನ ಹುಡುಗಿಯರು ಬಿಕ್ಕಿದರು. ರಸಾಯನಶಾಸ್ತ್ರದ ತರಗತಿಯಲ್ಲಿ ಅಷ್ಟು ನಿಶ್ಶಬ್ದವನ್ನು ಆ ಶಾಲೆ ಕಂಡಿರಲಿಲ್ಲ.

ಗಂಟೆ ಹೊಡೆದ ಕೂಡಲೇ ಅಧ್ಯಕ್ಷೆ ಎದ್ದು ಬಂದು ಮೇಷ್ಟ್ರ ಎರಡೂ ಕೈ ಹಿಡಿದುಕೊಂಡರು. ಮನೆಯಲ್ಲಿ ಹೆಣ ಇಟ್ಟುಕೊಂಡು ಪಾಠ ಮಾಡುವವರನ್ನು ತಾವು ನೋಡಿಯೇ ಇಲ್ಲವೆಂದರು. “ಕುರ್ಚಿ ನಿಮ್ಮದೇ,” ಎಂದರು. ಮೇಷ್ಟ್ರು ಬಾಯಿ ತೆರೆದರು. ಕುರ್ಚಿ ಕಣ್ಣಮುಂದೆ ಬಂತು. ಬಾಯಿ ಮುಚ್ಚಿಕೊಂಡರು.

ಅಧ್ಯಕ್ಷೆಯ ಕಣ್ಣೂ ಒದ್ದೆಯಾಗಿತ್ತು. ಅದನ್ನು ಅವರು ಬೆರಳಿನಿಂದ ಒರೆಸಿಕೊಂಡರು.

ಮರುಗಳಿಗೆಯಲ್ಲಿ ಅವರು ಕಣ್ಣು ಮುಚ್ಚಿಕೊಂಡು ಗೋಡೆ ಹಿಡಿದು ನಿಂತಿದ್ದರು. ಗಣಿತದ ಮೇಷ್ಟ್ರು ಬಕೆಟ್ಟು ತುಂಬಾ ನೀರು ಹೊತ್ತು ಓಡಿಬಂದರು. ರಸಾಯನಶಾಸ್ತ್ರದವರು ಸುಮ್ಮನೆ ನಿಂತಿದ್ದರೆ ಸಾಕಿತ್ತು, ಕುರ್ಚಿ ಅವರದೇ ಆಗಿರುತ್ತಿತ್ತು. ಆದರೆ ಇಷ್ಟು ಹೊತ್ತು ಬಾಯಿ ನೋಯುವಂತೆ ಪಾಠ ಹೇಳಿ, ಈಗ ಕಣ್ಣೆದುರೇ ಖಾರಕ್ಕೆ ನೀರು ಹಾಕುವುದನ್ನು ನೋಡಲು ಅವರಿಂದ ಆಗಲಿಲ್ಲ.

“ನೀರು ಬೇಡ,” ಎಂದು ಅಡ್ಡ ನಿಂತರು. “ಮೆಣಸಿನಕಾಯಿ ಖಾರ ಅದು. ಬಾಲ ಉದ್ದ, ನೀರಿಗೆ ಜಗ್ಗಲ್ಲ. ಹಾಲು ತನ್ನಿ, ಜಿಡ್ಡಿಗೆ ಬಿಡುತ್ತೆ.”

ಅಧ್ಯಕ್ಷೆಗೆಂದ ಮೇಲೆ ಹಾಲು ಎಲ್ಲಿತ್ತೋ, ಹಾರಿ ಬಂತು. ಬಟ್ಟೆ ಅದ್ದಿ ಒತ್ತಿಕೊಳ್ಳುತ್ತ ಹೋದಂತೆ ಉರಿ ಇಳಿಯಿತು, ಕಣ್ಣು ತೆರೆಯಿತು. ಅಧ್ಯಕ್ಷೆ ಮೇಷ್ಟ್ರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಹಾಗಾದ್ರೆ ನಿಮ್ಮತ್ತೆ?”

“ಗಟ್ಟಿಮುಟ್ಟಾಗಿದ್ದಾರೆ ಮೇಡಂ,” ಎಂದರು ಮೇಷ್ಟ್ರು. “ಮೆಣಸಿನಕಾಯಿ ಕಳಿಸಿದ್ದೇ ಅವರು.”

ಸಂಜೆಯೊಳಗೆ ಗಣಿತದ ಮೇಷ್ಟ್ರು ಮುಖ್ಯೋಪಾಧ್ಯಾಯರಾದರು. ರಸಾಯನಶಾಸ್ತ್ರದ ಮೇಷ್ಟ್ರು ಬಸ್ಸಿನ ಕಿಟಕಿಗೆ ತಲೆಯಾನಿಸಿ ಮನಸಾರೆ ಅತ್ತರು. ಈ ಸಲದ್ದು ಅಪ್ಪಟ ಅಳು. ಏನಾಯಿತೆಂದು ಒಬ್ಬರೂ ಕೇಳಲಿಲ್ಲ.